ಗೃಹಸ್ಥರಿಗೆ ನಾಲ್ಕು ಮಾತು: ಅಂಗವೈಕಲ್ಯವೂ ಜೀವವಿಮೆಯೂ

ಕಡಲಿಗೂ ಘಟ್ಟಕ್ಕೂ ನಡುವೆ ಇರುವ ನಮ್ಮ ಬಿಜೂರು, ಉಪ್ಪುಂದ, ಮರವಂತೆ, ಗಂಗೊಳ್ಳಿಗಳ ಪ್ರಾಂತದಲ್ಲಿ ಅನೇಕರ ಜೀವನವು ಎತ್ತರಕ್ಕೆ ಏರುವುದರಿಂದ ಇಲ್ಲವೆ ನೀರಿಗೆ ಇಳಿಯುವುದರಿಂದ ನಡೆಯತಕ್ಕದ್ದು. ತೆಂಗು ಕಂಗುಗಳ ತುದಿಗೆ ಏರಿ ಕಾಯಿ ಇಳಿಸುವವರು, ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಲು ಮಾಡಿನ ಮೇಲೆ ನಡೆಯುವವರು, ದೋಣಿಯನ್ನು ತೆರೆಗೆ ಒಡ್ಡುವವರು, ಕೆಂಪುಕಲ್ಲು ಕಡಿಯುವವರು ಇವರೆಲ್ಲರೂ ದಿನದಿನವೂ ತಮ್ಮ ಕೈಕಾಲುಗಳನ್ನು ಪಣಕ್ಕೆ ಇಟ್ಟೇ ಮನೆಯನ್ನು ಸಾಕುತ್ತಾರೆ. ಇದು ಸಾಲದೆಂಬಂತೆ 66ನೆಯ ರಾಷ್ಟ್ರೀಯ ಹೆದ್ದಾರಿಯು ಊರುಗಳ ನಡುವೆಯೇ ಹಾದುಹೋಗಿದ್ದು, ಅಂಗಡಿಗೆ ಹೋದವನು ನೆಟ್ಟಗೆ ಮನೆಗೆ ಬರುವನೆಂಬ ಭರವಸೆಯೂ ಈಗ ಪೂರ್ತಿಯಾಗಿ ಇಲ್ಲ.

ಹೀಗಿರಲು ಒಬ್ಬಾತನು ಬಿದ್ದು ಬೆನ್ನೆಲುಬು ಮುರಿದುಕೊಂಡನೆನ್ನಿ, ಅಥವಾ ಒಂದು ಕಾಲನ್ನು ಕಳೆದುಕೊಂಡನೆನ್ನಿ. ಮೊದಲು ಮನೆಯವರು ಜೀವವೊಂದು ಉಳಿದರೆ ಸಾಕೆಂದು ದೇವರಿಗೆ ಹರಕೆ ಹೊರುವರು. ಜೀವ ಉಳಿದ ಮೇಲೆ ಆಸ್ಪತ್ರೆಯ ಸಾಲ, ಗಾಲಿಕುರ್ಚಿ, ಮನೆಯ ಮೆಟ್ಟಲುಗಳನ್ನು ಇಳಿಜಾರು ಮಾಡುವ ಖರ್ಚು ಇತ್ಯಾದಿಗಳ ಚಿಂತೆ ಹತ್ತುವುದು. ಇವೆಲ್ಲ ಒಂದು ಹದಕ್ಕೆ ಬಂದ ತರುವಾಯ, ರಾತ್ರಿ ನಿದ್ದೆ ಬಾರದ ಹೊತ್ತಿನಲ್ಲಿ, ಆ ಗೃಹಸ್ಥನ ಮನಸ್ಸಿನಲ್ಲಿಯೇ ಮತ್ತೊಂದು ಪ್ರಶ್ನೆ ಹುಟ್ಟುವುದು: “ನಾನು ಕುಳಿತಲ್ಲಿಯೇ ನಾಲ್ಕು ಕಾಸು ದುಡಿಯುತ್ತಿರುವೆನು. ನಾಳೆ ನಾನು ಇಲ್ಲದಾದರೆ ಈ ಮಕ್ಕಳ ಗತಿಯೇನು? ನನ್ನಂಥವನ ಜೀವಕ್ಕೆ ವಿಮೆ ಕೊಡುವವರು ಯಾರಾದರೂ ಉಂಟೆ?”

ಈ ಪ್ರಶ್ನೆಗೆ ಊರಿನಲ್ಲಿ ಎರಡು ಬಗೆಯ ಉತ್ತರಗಳು ಪ್ರಚಾರದಲ್ಲಿವೆ. ಊನಾಂಗನಿಗೆ ವಿಮೆ ಎಂದಿಗೂ ಸಿಕ್ಕದು ಎಂಬುದು ಒಂದು. ಗಾಯದ ಸಂಗತಿಯನ್ನು ಬರೆಯದೆ ಫಾರಮು ತುಂಬಿದರೆ ಎಲ್ಲವೂ ಸುಸೂತ್ರವಾಗುವುದು ಎಂಬುದು ಮತ್ತೊಂದು. ಎರಡೂ ತಪ್ಪು, ಎರಡನೆಯದಂತೂ ಅಪಾಯಕರವಾದುದು. ಆದಕಾರಣ ಈ ತಿಂಗಳ ನಮ್ಮ ನಾಲ್ಕು ಮಾತುಗಳನ್ನು ಇದೇ ವಿಷಯಕ್ಕೆ ಮೀಸಲಿಡುತ್ತೇವೆ.

ಭಾರತೀಯ ಜೀವವಿಮಾ ನಿಗಮದ ಮುಂಬಯಿಯ ಪ್ರಧಾನ ಕಾರ್ಯಾಲಯಕ್ಕೆ ‘ಯೋಗಕ್ಷೇಮ’ ಎಂಬ ಹೆಸರುಂಟು. ನಾವು ಸಂಸ್ಕೃತವನ್ನು ಕಲಿತವರಾದುದರಿಂದ ಈ ಶಬ್ದದ ಮೇಲೆ ನಮಗೆ ವಿಶೇಷವಾದ ಪ್ರೀತಿ. ಅದೊಂದು ಜೋಡುಪದ. ಇಲ್ಲದಿರುವುದನ್ನು ಪಡೆಯುವುದು ಯೋಗ. ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಹಿಂದಿನ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಗಾಯಗೊಂಡವನ ವಿಮೆಯ ವಿಚಾರವೂ ಇವೆರಡೇ ಭಾಗಗಳಾಗಿ ಒಡೆಯುವುದು. ಗಾಯಕ್ಕಿಂತ ಮುಂಚೆ ಮಾಡಿಸಿದ ವಿಮೆಯನ್ನು ಉಳಿಸಿಕೊಳ್ಳುವುದು ಕ್ಷೇಮ. ಗಾಯದ ತರುವಾಯ ಹೊಸದನ್ನು ಪಡೆಯುವುದು ಯೋಗ. ಶಬ್ದದಲ್ಲಿ ಯೋಗವು ಮುಂದಿದ್ದರೂ ನಮ್ಮ ಗೃಹಸ್ಥನು ಮೊದಲು ನೋಡಿಕೊಳ್ಳತಕ್ಕದ್ದು ಕ್ಷೇಮವನ್ನು.

ಕ್ಷೇಮದ ವಿಷಯದಲ್ಲಿ ನೆನಪಿಡತಕ್ಕ ಮೊದಲನೆಯ ಸಂಗತಿ ಏನೆಂದರೆ, ಮೈ ಗಟ್ಟಿಯಾಗಿದ್ದಾಗ ಆದ ವಿಮೆಯ ಕರಾರು ಮೈ ಮುರಿದ ಮಾತ್ರಕ್ಕೆ ಮುರಿಯುವುದಿಲ್ಲ. ಕಂತು ಸಲ್ಲುತ್ತಿರುವ ತನಕ ಕಂಪೆನಿಯು ಅದನ್ನು ರದ್ದುಪಡಿಸಲಾರದು. ಗಾಯದ ಕಾರಣದಿಂದ ಕಂತನ್ನು ಏರಿಸಲೂ ಆರದು. ಹಿಂದಿನ ಅಗ್ಗದ ದರದಲ್ಲಿಯೇ ಆ ರಕ್ಷಣೆಯು ಅವಧಿ ಮುಗಿಯುವ ವರೆಗೆ ಮುಂದುವರಿಯುವುದು. ಹೊಸದಾಗಿ ಅಷ್ಟೇ ಮೊತ್ತದ ವಿಮೆ ಪಡೆಯಲು ಹೋದರೆ ಹೆಚ್ಚು ತೆರಬೇಕಾಗಬಹುದು, ಅಥವಾ ಸಿಕ್ಕದೆಯೂ ಹೋಗಬಹುದು. ಆದುದರಿಂದ ಗಾಯದ ಮರುದಿನ ಆ ಹಳೆಯ ಕಾಗದವು ಹಿಂದಿನ ದಿನಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಆದರೆ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಖರ್ಚು ಏರಿತು, ವರಮಾನ ಇಳಿಯಿತು; ಎಲ್ಲಿ ಕೈ ಬಿಗಿಹಿಡಿಯುವುದೆಂದು ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ವಿಮೆಯ ಕಂತು. ಒಂದು ಮನೆಯ ಹಿರಿಯ ಹೆಂಗಸು ನಮ್ಮೊಡನೆ, “ಮಾಷ್ಟ್ರೇ, ಇನ್ನ್ ಇವ್ನ್ ಹೆಸ್ರಗೆ ದುಡ್ಡ್ ಕಟ್ಟಿ ಎಂತ ಪ್ರಯೋಜ್ನ?” ಎಂದು ಕೇಳಿದ್ದುಂಟು. ಮಗನು ಕೋಣೆಯ ಒಳಗೆ ಮಲಗಿದ್ದನು. ಮಾತು ಅವನ ಕಿವಿಗೆ ಬಿದ್ದಿರಲೇಬೇಕು. ಆಕೆಯಲ್ಲಿ ಕಠೋರತೆ ಇರಲಿಲ್ಲ. ಹಣದ ಲೆಕ್ಕದಲ್ಲಿ ಮಗನು ಮುಗಿದುಹೋದನೆಂದು ಎಲ್ಲರೂ ಒಪ್ಪಿಕೊಂಡಿದ್ದರು; ಆಕೆ ಅದನ್ನು ಬಾಯಿಬಿಟ್ಟು ಹೇಳಿದಳು, ಅಷ್ಟೆ. ಆ ಒಪ್ಪಿಗೆಯೇ ಗಾಯಕ್ಕಿಂತ ಆಳವಾದ ಗಾಯವೆಂದು ನಮ್ಮ ಎಣಿಕೆ. ಕಂತು ನಿಂತುಹೋದುದು ಆ ಮನೆಗೆ ನಷ್ಟವನ್ನು ತಂದಿತು. ಅದಕ್ಕಿಂತಲೂ, ಇನ್ನು ತನ್ನ ಬದುಕಿಗೆ ಬೆಲೆಯಿಲ್ಲವೆಂಬ ತೀರ್ಪು ಆ ಹುಡುಗನಿಗೆ ತನ್ನ ಮನೆಯಲ್ಲಿಯೇ ದೊರೆತಂತಾಯಿತು.

ಕಂತು ತಪ್ಪಿದರೆ ಏನಾಗುವುದೆಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ವರ್ಷಕ್ಕೋ ಅರ್ಧವರ್ಷಕ್ಕೋ ಮೂರು ತಿಂಗಳಿಗೋ ಕಟ್ಟುವ ಕಂತಿಗೆ 30 ದಿನಗಳ, ತಿಂಗಳ ಕಂತಿಗೆ 15 ದಿನಗಳ ರಿಯಾಯಿತಿ ಉಂಟು. ಅದು ಮೀರಿದರೆ ಪಾಲಿಸಿಯು ಲುಪ್ತವಾಗುವುದು. ತಪ್ಪಿದ ಮೊದಲ ಕಂತಿನಿಂದ ಸಾಮಾನ್ಯವಾಗಿ 5 ವರ್ಷಗಳ ಒಳಗೆ ಬಡ್ಡಿಸಹಿತ ಬಾಕಿ ಕಟ್ಟಿ ಅದನ್ನು ಮತ್ತೆ ಜೀವಂತಗೊಳಿಸಬಹುದಾದರೂ, ಆಗ ಆರೋಗ್ಯದ ವಿವರಗಳನ್ನು ಕಂಪೆನಿಯು ಹೊಸದಾಗಿ ಕೇಳುವುದು. ಗಾಯಕ್ಕಿಂತ ಮುಂಚೆ ತಪ್ಪಿಹೋದ ಪಾಲಿಸಿಯನ್ನಾಗಲಿ, ಗಾಯದ ಗಡಿಬಿಡಿಯಲ್ಲಿ ತಪ್ಪಿದ ಪಾಲಿಸಿಯನ್ನಾಗಲಿ ಎಬ್ಬಿಸಲು ಹೋದವನು ಹೊಸ ಅರ್ಜಿದಾರನಂತೆಯೇ ಬಾಗಿಲಲ್ಲಿ ನಿಲ್ಲಬೇಕಾಗುವುದು. ಆದಕಾರಣ ಮನೆಯೊಡೆಯನು ಆಸ್ಪತ್ರೆಯಲ್ಲಿ ಮಲಗಿದ ವಾರದಲ್ಲಿಯೇ ಮನೆಯವರಲ್ಲಿ ಒಬ್ಬರು ಪೆಟ್ಟಿಗೆ ತೆರೆದು ಪಾಲಿಸಿಗಳನ್ನು ಹೊರಗೆ ತೆಗೆದು, ಮುಂದಿನ ಕಂತಿನ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಡತಕ್ಕದ್ದು.

ಪೆಟ್ಟಿಗೆ ತೆರೆದಾಗ ಇನ್ನೊಂದನ್ನು ಹುಡುಕಬೇಕು. ಅನೇಕ ಪಾಲಿಸಿಗಳಿಗೆ ಅಪಘಾತದ ಮರಣ ಮತ್ತು ಅಂಗವೈಕಲ್ಯದ ಲಾಭವೆಂಬ ಬಾಲ ಅಂಟಿಕೊಂಡಿರುವುದು. ಮರಣಕ್ಕೆ ಮಾತ್ರ ಅದು ಸಲ್ಲುವುದೆಂದು ಜನರು ತಿಳಿದಿದ್ದಾರೆ. ಜೀವವಿಮಾ ನಿಗಮದ ಇಂಥ ಕರಾರಿನಲ್ಲಿ, ಅಪಘಾತದಿಂದ ಶಾಶ್ವತವಾದ ಪೂರ್ಣ ವೈಕಲ್ಯವು ಒದಗಿದರೆ, ಅದಕ್ಕೆಂದು ಗೊತ್ತುಮಾಡಿದ ಮೊತ್ತವನ್ನು 10 ವರ್ಷಗಳ ತನಕ ತಿಂಗಳ ಕಂತುಗಳಲ್ಲಿ ಕೊಡುವುದೂ, ಒಂದು ಮಿತಿಯ ಒಳಗೆ ಮುಂದಿನ ಕಂತುಗಳನ್ನು ಮನ್ನಾ ಮಾಡುವುದೂ ಉಂಟು. ಹೀಗಿದ್ದರೆ, ಕಂತು ಕಟ್ಟಲಾಗದೆಂದು ಅಳುವ ಮನೆಗೆ ಕಟ್ಟುವ ಕೆಲಸವೇ ಇಲ್ಲದಾಗಬಹುದು! ಕರಾರಿನ ಕೊನೆಯ ಪುಟಗಳ ಸಣ್ಣ ಅಕ್ಷರಗಳನ್ನು ಓದದೆ ಹೋಗಿ ಈ ಲಾಭವನ್ನು ಕಳೆದುಕೊಳ್ಳಬಾರದು. ತಡಮಾಡದೆ ಶಾಖೆಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳತಕ್ಕದ್ದು.

ಬ್ಯಾಂಕಿನ ಖಾತೆಯ ಪುಸ್ತಕವನ್ನೂ ನೋಡಬೇಕು. ವರ್ಷಕ್ಕೆ 20 ರೂಪಾಯಿ ಮುರಿದುಕೊಂಡ ಗುರುತು ಇದ್ದರೆ ಅದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. 18ರಿಂದ 70 ವರ್ಷದ ವರೆಗಿನವರಿಗೆ ಇರುವ ಈ ಯೋಜನೆಯಲ್ಲಿ ಅಪಘಾತದಿಂದ ಎರಡು ಕಣ್ಣು, ಎರಡು ಕೈ ಅಥವಾ ಎರಡು ಕಾಲುಗಳನ್ನು ಕಳೆದುಕೊಂಡವರಿಗೆ 2 ಲಕ್ಷ ರೂಪಾಯಿಯೂ, ಒಂದು ಕಣ್ಣು ಅಥವಾ ಒಂದು ಕೈ ಅಥವಾ ಒಂದು ಕಾಲನ್ನು ಕಳೆದುಕೊಂಡವರಿಗೆ 1 ಲಕ್ಷ ರೂಪಾಯಿಯೂ ಸಲ್ಲುವುದು. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಪ್ರತ್ಯೇಕವಾದ ಅಪಘಾತ ವಿಮೆಯೂ ಇದೆ. ಈ ಎರಡನ್ನೂ ಬೀಳುವ ಮುಂಚೆ ಮಾಡಿಸಿರಬೇಕೆಂಬುದನ್ನು, ಇನ್ನೂ ಬೀಳದೆ ಇರುವ ವಾಚಕರು ಗಮನಿಸಬೇಕೆಂದು ನಮ್ಮ ಪ್ರಾರ್ಥನೆ.

ಸರಕಾರಿ ನೌಕರಿಯಲ್ಲಿದ್ದವರ ಸಂಗತಿ ಸ್ವಲ್ಪ ಬೇರೆ. ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ, 1891ರಲ್ಲಿ, ನೌಕರರಿಗಾಗಿ ಏರ್ಪಟ್ಟ ವಿಮೆಯೇ ಇಂದು ನಮ್ಮ ಉಪಾಧ್ಯಾಯರೆಲ್ಲ ಕೆ.ಜಿ.ಐ.ಡಿ. ಎಂದು ಕರೆಯುವ ಇಲಾಖೆಯಾಗಿ ಬೆಳೆದಿದೆ. ಅದರ ಕಂತು ಸಂಬಳದಲ್ಲಿಯೇ ಮುರಿದುಹೋಗುವುದರಿಂದ ತಪ್ಪುವ ಭಯ ಕಡಿಮೆ. ಅದಲ್ಲದೆ ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ಸರಕಾರವು ಕೆಲಸದಿಂದ ತೆಗೆಯಕೂಡದು, ದರ್ಜೆಯಲ್ಲಿ ಇಳಿಸಲೂ ಕೂಡದು ಎಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿಧಿಸಿದೆ. ಇಂಥವರಿಗೆ ಸಂಬಳವೂ ವಿಮೆಯೂ ಜೊತೆಯಾಗಿಯೇ ಮುಂದುವರಿಯತಕ್ಕವು. ಆದುದರಿಂದ ಮನಸ್ಸು ಕುಗ್ಗಿ ಅವಸರದಲ್ಲಿ ರಾಜೀನಾಮೆ ಬರೆಯಬಾರದು.

ಇನ್ನು ಯೋಗದ ವಿಚಾರ. ಹಳೆಯ ವಿಮೆ ಇಲ್ಲದವನು, ಅಥವಾ ಇದ್ದದ್ದು ಸಾಲದವನು, ಗಾಯದ ತರುವಾಯ ಹೊಸ ವಿಮೆಯನ್ನು ಕೇಳಬಹುದೆ? ಕೇಳಬಹುದು. ಆದರೆ ಕಂಪೆನಿಯವರು ಅರ್ಜಿಯನ್ನು ಯಾವ ಕಣ್ಣಿನಿಂದ ನೋಡುತ್ತಾರೆಂಬುದನ್ನು ಮೊದಲು ಅರಿತಿರಬೇಕು.

ಜೀವವಿಮೆಯೆಂಬುದು ಆಯುಸ್ಸಿನ ಲೆಕ್ಕ. ಒಂದು ವಯಸ್ಸಿನ ಸಾವಿರ ಮಂದಿಯಲ್ಲಿ ವರ್ಷಕ್ಕೆ ಎಷ್ಟು ಮಂದಿ ತೀರಿಹೋಗುವರೆಂದು ಮರಣದ ಕೋಷ್ಟಕಗಳಿಂದ ತಿಳಿದು, ಆ ಹೊರೆಯನ್ನು ಸಾವಿರ ಮಂದಿಗೂ ಹಂಚುವುದೇ ಕಂತು. ಯಾವಾತನ ಆಯುಸ್ಸು ಸಾಧಾರಣಕ್ಕಿಂತ ಕಡಿಮೆಯಾದೀತೆಂದು ಕಾರಣಸಹಿತವಾಗಿ ತೋರುವುದೋ ಆತನಿಂದ ಹೆಚ್ಚು ಕಂತು ಕೇಳುವುದು ನ್ಯಾಯವಿರುದ್ಧವಲ್ಲ. ಆದರೆ ಪ್ರಶ್ನೆಯು ಆಯುಸ್ಸಿನ ವಿಷಯವಾಗಿಯೇ ಇರಬೇಕು, ಆಕಾರದ ವಿಷಯವಾಗಿ ಇರಕೂಡದು. ಜನಕನ ಸಭೆಗೆ ಅಷ್ಟಾವಕ್ರನು ಬಂದಾಗ ಅವನ ಡೊಂಕುಗಳನ್ನು ನೋಡಿ ನಕ್ಕ ಪಂಡಿತರ ಕಥೆಯನ್ನು ಮಕ್ಕಳೂ ಬಲ್ಲರು. ಮೈಯ ಡೊಂಕಿನಿಂದ ಜ್ಞಾನವನ್ನು ಅಳೆಯುವುದು ಹೇಗೆ ಅವಿವೇಕವೋ, ಅದರಿಂದಲೇ ಆಯುಸ್ಸನ್ನು ಅಳೆಯುವುದೂ ಹಾಗೆಯೇ ಅವಿವೇಕ.

ವಿಮೆಯ ಇತಿಹಾಸದಲ್ಲಿಯೇ ಇದಕ್ಕೊಂದು ದೊಡ್ಡ ದೃಷ್ಟಾಂತವಿದೆ. 1818ರಲ್ಲಿ ಕಲಕತ್ತೆಯಲ್ಲಿ ಓರಿಯೆಂಟಲ್ ಎಂಬ ಜೀವವಿಮಾ ಕಂಪೆನಿಯು ಹುಟ್ಟಿತು. ಅಂದಿನಿಂದ ಬಹುಕಾಲದ ವರೆಗೆ ಯೂರೋಪಿಯನರ ಕಂಪೆನಿಗಳು ನಮ್ಮ ದೇಶದವರ ಜೀವಕ್ಕೆ ವಿಮೆ ಕೊಡಲು ಹಿಂಜರಿಯುತ್ತಿದ್ದವು. ಕೊಟ್ಟರೂ ಭಾರತೀಯನೆಂಬ ಕಾರಣಕ್ಕಾಗಿಯೇ ಹೆಚ್ಚುವರಿ ಕಂತನ್ನು ವಸೂಲು ಮಾಡುತ್ತಿದ್ದವು. 1870ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಬಾಂಬೆ ಮ್ಯೂಚುವಲ್ ಸಂಸ್ಥೆಯು ಭಾರತೀಯರಿಗೂ ಸಾಧಾರಣ ದರದಲ್ಲಿಯೇ ವಿಮೆ ಕೊಡಲು ತೊಡಗಿತು. ಆ ಅಭಿಪ್ರಾಯಕ್ಕೆ ಆಧಾರ ಸಾಲದೆಂಬುದು ಕಾಲಕ್ರಮದಲ್ಲಿ ಎಲ್ಲರಿಗೂ ತಿಳಿಯಿತು. ಒಂದು ಕಾಲದಲ್ಲಿ ಈ ದೇಶದಲ್ಲಿ ಹುಟ್ಟಿದುದೇ ಒಂದು ಊನವೆಂದು ಎಣಿಸಲ್ಪಟ್ಟಿತ್ತು! ಇಂದು ಕಾಲಿಲ್ಲದವನನ್ನು ಕಂಡು, ಲೆಕ್ಕ ಹಾಕುವ ಮುಂಚೆಯೇ ತಲೆಯಲ್ಲಾಡಿಸುವ ಏಜಂಟನಿಗೆ ಈ ಕಥೆಯನ್ನು ಹೇಳಬೇಕು.

ಲೆಕ್ಕ ಹಾಕುವುದಾದರೆ ಎಲ್ಲ ಗಾಯಗಳೂ ಒಂದೇ ಅಲ್ಲವೆಂಬುದನ್ನು ಒಪ್ಪಬೇಕು. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡು ಗಾಯ ಮಾಗಿದವನ ಹೃದಯ, ಮೂತ್ರಪಿಂಡ, ಶ್ವಾಸಕೋಶಗಳಿಗೆ ಆ ಕಾಲಿನಿಂದ ಬಂದ ಬಾಧೆ ಸ್ವಲ್ಪವೇ. ಅದೇ ಕಾಲನ್ನು ಸಕ್ಕರೆಕಾಯಿಲೆಯ ಕಾರಣ ಕತ್ತರಿಸಬೇಕಾಗಿ ಬಂದಿದ್ದರೆ ಸಂಗತಿ ಬೇರೆ; ಅಲ್ಲಿ ಕಾಲು ಹೋದದ್ದು ಒಳಗಿನ ರೋಗದ ಗುರುತು. ನೋಡುವವನಿಗೆ ಇಬ್ಬರೂ ಒಂದೇ, ಲೆಕ್ಕಕ್ಕೆ ಇಬ್ಬರೂ ಬೇರೆ. ತಲೆಗೆ ಪೆಟ್ಟು ಬಿದ್ದು ಆಮೇಲೆ ಅಪಸ್ಮಾರವು ಕಾಡುತ್ತಿದ್ದರೆ ಅದನ್ನೂ ಗಣನೆಗೆ ತರುವರು.

ಬೆನ್ನುಹುರಿಯ ಗಾಯವು ಎಲ್ಲಕ್ಕಿಂತ ಕಠಿನವಾದುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಮಂದಿ ಕೆಲಕಾಲದಲ್ಲಿಯೇ ಸಾಯುತ್ತಿದ್ದರು. ಅವರನ್ನು ಕೊಲ್ಲುತ್ತಿದ್ದುದು ಮೂತ್ರಮಾರ್ಗದ ನಂಜು ಮತ್ತು ಒಂದೇ ಮಗ್ಗುಲಲ್ಲಿ ಮಲಗಿದ್ದರಿಂದ ಆದ ಒತ್ತುಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯನು, ರೋಗಿಗಳನ್ನು ಎರಡೆರಡು ತಾಸಿಗೆ ಮಗ್ಗುಲು ಬದಲಾಯಿಸುವುದು, ಮೂತ್ರದ ನೈರ್ಮಲ್ಯ, ಕೈಕೆಲಸ, ಆಟ ಇವುಗಳಿಂದ ಅವರನ್ನು ಬದುಕಿಗೆ ಮರಳಿಸಬಹುದೆಂದು ತೋರಿಸಿದನು. ಅಲ್ಲಿ 1948ರಲ್ಲಿ ಗಾಲಿಕುರ್ಚಿಯವರಿಗಾಗಿ ಏರ್ಪಡಿಸಿದ ಪಂದ್ಯಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆದವು. ಇದರಿಂದ ವಿಮೆಯವರಿಗೂ ಮನೆಯವರಿಗೂ ತಿಳಿಯಬೇಕಾದುದು ಒಂದೇ: ಈ ಗಾಯದವರ ಆಯುಸ್ಸು ಗಾಯದಷ್ಟೇ ಆರೈಕೆಯನ್ನೂ ಅವಲಂಬಿಸಿದೆ. ಮೂತ್ರಪಿಂಡಗಳು ಶುದ್ಧವಾಗಿವೆಯೆಂದೂ, ಚರ್ಮದಲ್ಲಿ ಹುಣ್ಣುಗಳಿಲ್ಲವೆಂದೂ, ವರ್ಷಗಳಿಂದ ಆಸ್ಪತ್ರೆ ಸೇರಿಲ್ಲವೆಂದೂ ತೋರಿಸಬಲ್ಲವನ ಅರ್ಜಿಗೂ, ಏನನ್ನೂ ತೋರಿಸಲಾಗದವನ ಅರ್ಜಿಗೂ ಅಜಗಜಾಂತರ.

ಆದಕಾರಣ ಅರ್ಜಿ ಹಾಕುವ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಮೊದಲನೆಯದಾಗಿ, ಗಾಯವು ಹಸಿಯಾಗಿರುವಾಗ, ಶಸ್ತ್ರಚಿಕಿತ್ಸೆಗಳು ಇನ್ನೂ ಬಾಕಿಯಿರುವಾಗ ಅರ್ಜಿ ಹಾಕಬಾರದು. ಆಗ ಅದನ್ನು ಮುಂದಕ್ಕೆ ಹಾಕುವುದೇ ಸಾಮಾನ್ಯ. ಎರಡನೆಯದಾಗಿ, ಆಸ್ಪತ್ರೆಯ ಬಿಡುಗಡೆಯ ಪತ್ರ, ಈಚಿನ ವೈದ್ಯರ ವರದಿ, ರಕ್ತ ಮೂತ್ರಗಳ ಪರೀಕ್ಷೆಯ ಫಲ, ಅಂಗವೈಕಲ್ಯದ ಪ್ರಮಾಣಪತ್ರ, ವರಮಾನದ ದಾಖಲೆ ಇವುಗಳನ್ನು ಒಂದು ಕಟ್ಟಾಗಿ ಮಾಡಿಡಬೇಕು. ಈಗ ಏನು ಕೆಲಸ ಮಾಡುತ್ತೇನೆ, ಎಷ್ಟು ಸಂಪಾದಿಸುತ್ತೇನೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ವಿಮೆಯ ಮೊತ್ತವು ವರಮಾನಕ್ಕೆ ಹೊಂದಿರಬೇಕಾದುದರಿಂದ, ಕುಳಿತು ದುಡಿಯುವವನು ತನ್ನ ದುಡಿಮೆಯನ್ನು ಮುಚ್ಚಿಡುವುದು ತನಗೇ ಕೇಡು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸತ್ಯವನ್ನೇ ಬರೆಯಬೇಕು, ಪೂರ್ತಿಯಾಗಿ ಬರೆಯಬೇಕು. 1938ರ ವಿಮಾ ಅಧಿನಿಯಮದ 45ನೆಯ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪಾಲಿಸಿಯು ಆರಂಭವಾಗಿ 3 ವರ್ಷಗಳು ಕಳೆದ ಮೇಲೆ ಯಾವ ಕಾರಣದಿಂದಲೂ ಕಂಪೆನಿಯು ಅದನ್ನು ಪ್ರಶ್ನಿಸುವಂತಿಲ್ಲ. ಆ 3 ವರ್ಷಗಳ ಒಳಗಾದರೆ ಮುಚ್ಚಿಟ್ಟ ಸಂಗತಿಯನ್ನು ಹಿಡಿದು ಹಕ್ಕುಹಣವನ್ನು ನಿರಾಕರಿಸಬಹುದು. ಲುಪ್ತವಾದ ಪಾಲಿಸಿಯನ್ನು ಎಬ್ಬಿಸಿದರೆ ಈ 3 ವರ್ಷಗಳು ಎಬ್ಬಿಸಿದ ದಿನದಿಂದ ಮತ್ತೆ ಎಣಿಕೆಯಾಗುವವು. ‘ಏಜಂಟನು ಬರೆದುಕೊಂಡನು, ನಾನು ಸಹಿ ಮಾತ್ರ ಮಾಡಿದೆನು’ ಎಂಬ ಮಾತು ಆಗ ಕೆಲಸಕ್ಕೆ ಬಾರದು. ಅದನ್ನು ಹೇಳಬೇಕಾದವನು ಆಗ ಬದುಕಿಯೂ ಇರುವುದಿಲ್ಲ. ಕಚೇರಿಯ ಮೇಜಿನ ಮುಂದೆ ನಿಲ್ಲಬೇಕಾದವಳು ಅವನ ವಿಧವೆ. ಸುಳ್ಳಿನ ಮೇಲೆ ಕಟ್ಟಿದ ವಿಮೆಯು ಮಳೆಗಾಲಕ್ಕೆ ಮುಂಚೆ ಹೊದಿಸಿದ ತೂತಿನ ಮಾಡಿನಂತೆ. ಬೇಸಗೆಯ ತನಕ ಚೆನ್ನಾಗಿಯೇ ಕಾಣುವುದು.

ಹೀಗೆ ಹಾಕಿದ ಅರ್ಜಿಗೆ ಐದು ಬಗೆಯ ಉತ್ತರ ಬರಬಹುದು: ಸಾಧಾರಣ ದರದಲ್ಲಿ ಒಪ್ಪಿಗೆ, ಹೆಚ್ಚುವರಿ ಕಂತಿನ ಮೇಲೆ ಒಪ್ಪಿಗೆ, ಅಪಘಾತದ ಲಾಭವನ್ನು ಬಿಟ್ಟು ಒಪ್ಪಿಗೆ, ಮುಂದಕ್ಕೆ ಹಾಕುವುದು, ನಿರಾಕರಣೆ. ಹೆಚ್ಚುವರಿ ಎಂಬ ಶಬ್ದವನ್ನು ಕೇಳಿದ ಕೂಡಲೆ ಅವಮಾನವಾಯಿತೆಂದು ಎದ್ದು ಬರಬಾರದು. ಸಾವಿರಕ್ಕೆ 3 ರೂಪಾಯಿ ಹೆಚ್ಚೆಂದು ಇಟ್ಟುಕೊಂಡರೆ 5 ಲಕ್ಷದ ವಿಮೆಗೆ ವರ್ಷಕ್ಕೆ 1,500 ರೂಪಾಯಿ, ಅಂದರೆ ತಿಂಗಳಿಗೆ 125 ರೂಪಾಯಿ ಆಗುವುದು. ಮಕ್ಕಳ ವಿದ್ಯಾಭ್ಯಾಸದ ಮುಂದೆ ಇದು ದೊಡ್ಡದೋ ಚಿಕ್ಕದೋ ಎಂಬುದನ್ನು ಮನೆಯವರು ಕುಳಿತು ನಿರ್ಣಯಿಸತಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಜೀವವಿಮೆಯ ಕಂತಿನ ಮೇಲಿನ ಸರಕು ಸೇವಾ ತೆರಿಗೆಯು ಇಲ್ಲವಾದುದರಿಂದ ಅಷ್ಟರ ಮಟ್ಟಿಗೆ ಹೊರೆ ತಗ್ಗಿದೆ.

ನಮ್ಮ ಪರಿಚಯದ ಗೃಹಸ್ಥನೊಬ್ಬನು ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಈಗ ಮನೆಯ ಜಗಲಿಯಲ್ಲಿ ಹೊಲಿಗೆಯ ಯಂತ್ರವನ್ನು ಕೈಯಿಂದ ನಡೆಯಿಸಿ ಸಂಸಾರ ಸಾಗಿಸುತ್ತಿದ್ದಾನೆ. ಒಂದು ಕಂಪೆನಿಯ ಏಜಂಟನು ಅವನ ಕುರ್ಚಿಯನ್ನು ನೋಡಿ ಫಾರಮನ್ನೇ ಚೀಲದಿಂದ ಹೊರಗೆ ತೆಗೆಯಲಿಲ್ಲ. ಮತ್ತೊಂದು ಕಂಪೆನಿಗೆ ಕಾಗದದ ಕಟ್ಟಿನ ಸಹಿತ ಅರ್ಜಿ ಹೋಯಿತು. ಅವರು ಮೂತ್ರಪಿಂಡದ ಪರೀಕ್ಷೆ ಮಾಡಿಸಿದರು, ಇನ್ನೆರಡು ವಿವರಗಳನ್ನು ಕೇಳಿದರು. ಕೊನೆಗೆ ಅಪಘಾತದ ಲಾಭವಿಲ್ಲದೆ ಹೆಚ್ಚುವರಿ ಕಂತಿನ ಮೇಲೆ ಒಪ್ಪಿಕೊಂಡರು. ಪಾಲಿಸಿ ಅಂಚೆಯಲ್ಲಿ ಬಂದ ದಿನ ಅವನು ನಮಗೆ ಅದನ್ನು ತೋರಿಸಿ, “ಮಾಷ್ಟ್ರೇ, ನನ್ ಜೀವಕ್ಕೂ ಒಂದ್ ರೇಟ್ ಉಂಟ್ ಅಂತ ಆಯ್ತಲೆ” ಎಂದು ನಕ್ಕನು. ಹಣಕ್ಕಿಂತ ಹೆಚ್ಚಿನದೇನೋ ಅವನಿಗೆ ದೊರೆತಿತ್ತು.

ನಿರಾಕರಣೆಯೇ ಬಂದರೆ ಏನು ಮಾಡತಕ್ಕದ್ದು? ಮೊದಲು ಕಾರಣವನ್ನು ಬರಹದಲ್ಲಿ ಕೇಳಬೇಕು. ಬಾಯಿಮಾತಿನ ‘ಇಲ್ಲ’ವನ್ನು ಉತ್ತರವೆಂದು ಎಣಿಸಬಾರದು. ಒಬ್ಬರ ‘ಇಲ್ಲ’ವು ಎಲ್ಲರದ್ದೂ ಅಲ್ಲ, ಕಂಪೆನಿಯಿಂದ ಕಂಪೆನಿಗೆ ಲೆಕ್ಕದ ರೀತಿ ಬೇರೆ. ಆದರೆ ಹೊಸ ಅರ್ಜಿಯಲ್ಲಿ ಹಿಂದಿನ ನಿರಾಕರಣೆಯ ವಿಷಯ ಕೇಳಿದರೆ ಅದನ್ನೂ ಮುಚ್ಚಿಡಬಾರದು.

ಕಾನೂನಿನ ಬಲವೂ ಸ್ವಲ್ಪ ಉಂಟು. ಜೀವವಿಮಾ ನಿಗಮದ ಒಂದು ಅಗ್ಗದ ಅವಧಿ ವಿಮೆಯು ಸರಕಾರದ ಮತ್ತು ದೊಡ್ಡ ಸಂಸ್ಥೆಗಳ ಸಂಬಳಗಾರರಿಗೆ ಮಾತ್ರ ಮೀಸಲಾಗಿದ್ದುದನ್ನು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿ, ವಿಮೆಯ ಕರಾರುಗಳು ನ್ಯಾಯವೂ ಯುಕ್ತವೂ ಆಗಿರಬೇಕೆಂದಿತು. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 25ನೆಯ ವಿಧಿಯು, ಅಂಗವಿಕಲರಿಗೆ ಆರೋಗ್ಯವಿಮೆಯಲ್ಲಿಯೂ ಜೀವವಿಮೆಯಲ್ಲಿಯೂ ಭೇದ ಮಾಡಕೂಡದೆನ್ನುತ್ತದೆ. 2016ರ ಅಧಿನಿಯಮದ 3ನೆಯ ಕಲಮು, ಯೋಗ್ಯವಾದ ಉದ್ದೇಶವೊಂದನ್ನು ಸಾಧಿಸಲು ತಕ್ಕಷ್ಟೇ ಆದ ಕ್ರಮವೆಂದು ತೋರಿಸಿದ ಹೊರತು ವೈಕಲ್ಯದ ಕಾರಣದಿಂದ ಭೇದ ಮಾಡಲಾಗದೆಂದು ಹೇಳುತ್ತದೆ. ಅಂದರೆ ಲೆಕ್ಕವನ್ನು ತೋರಿಸಬಲ್ಲವನು ಹೆಚ್ಚು ಕೇಳಬಹುದು. ಬರಿಯ ಅಸಡ್ಡೆಯಿಂದ ಬಾಗಿಲು ಮುಚ್ಚಲಾಗದು. ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿ ಹಿಡಿದವರೊಬ್ಬರಿಗೆ ಆರೋಗ್ಯವಿಮೆಯನ್ನು ನಿರಾಕರಿಸಿದ ಮೊಕದ್ದಮೆಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಕೊಟ್ಟ ಆಜ್ಞೆಯ ಫಲವಾಗಿ, 2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅಂಗವಿಕಲರಿಗಾಗಿ ಆರೋಗ್ಯವಿಮೆಯ ಯೋಜನೆಯನ್ನು ಇಟ್ಟಿರಲೇಬೇಕೆಂದು ಕಂಪೆನಿಗಳಿಗೆ ವಿಧಿಸಿತು. ಅದು ಆರೋಗ್ಯವಿಮೆಯ ಮಾತು. ಜೀವವಿಮೆಗೆ ನೇರವಾಗಿ ಅನ್ವಯಿಸದು. ಆದರೂ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆಯೆಂಬುದಕ್ಕೆ ಅದು ಸಾಕ್ಷಿ.

ದೂರು ಕೊಡುವ ಜಾಗಗಳನ್ನೂ ತಿಳಿದಿರಬೇಕು. ಪಾಲಿಸಿ ಇದ್ದೂ ಹಕ್ಕುಹಣವನ್ನು ನಿರಾಕರಿಸಿದರೆ, ಅಥವಾ ಕಂತು ಪಡೆದೂ ಪಾಲಿಸಿ ಕೊಡದಿದ್ದರೆ, ಮೊದಲು ಕಂಪೆನಿಗೆ ಬರೆದು ಒಂದು ತಿಂಗಳು ಕಾದು, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ರಿಗೆ ಒಂದು ವರ್ಷದ ಒಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಅರ್ಜಿಯನ್ನೇ ಅಕಾರಣವಾಗಿ ತಳ್ಳಿದರೆ ಪ್ರಾಧಿಕಾರದ ‘ಬಿಮಾ ಭರೋಸಾ’ ಎಂಬ ದೂರುವ್ಯವಸ್ಥೆಗೂ, ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ರಾಜ್ಯ ಆಯುಕ್ತರಿಗೂ ಬರೆಯಬಹುದು.

ಇವೆಲ್ಲವೂ ನಡೆಯುವ ತನಕ ಕೈ ಕಟ್ಟಿ ಕುಳಿತಿರಬೇಕಾಗಿಲ್ಲ. ವೈದ್ಯಪರೀಕ್ಷೆ ಇಲ್ಲದೆ ದೊರೆಯತಕ್ಕ ಒಂದು ವಿಮೆ ಬ್ಯಾಂಕಿನಲ್ಲಿಯೇ ಇದೆ. ಪ್ರಧಾನಮಂತ್ರಿ ಜೀವನಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷ ವಯಸ್ಸಿನ, ಉಳಿತಾಯ ಖಾತೆಯುಳ್ಳ ಯಾರೂ ಸೇರಬಹುದು. ಕಂತು ಕಟ್ಟುತ್ತಿದ್ದರೆ 55 ವರ್ಷದ ತನಕ ಮುಂದುವರಿಯಬಹುದು. ವರ್ಷಕ್ಕೆ 436 ರೂಪಾಯಿ ಖಾತೆಯಿಂದ ಮುರಿಯುವುದು; ಯಾವ ಕಾರಣದಿಂದ ಮರಣ ಸಂಭವಿಸಿದರೂ ಮನೆಯವರಿಗೆ 2 ಲಕ್ಷ ರೂಪಾಯಿ ಸಲ್ಲುವುದು. ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಹೊರತಾದ ಮರಣಕ್ಕೆ ಸಲ್ಲದು, ಅಷ್ಟೆ. ವಿಮೆಯ ವರ್ಷವು ಜೂನ್ 1ರಿಂದ ಮೇ 31ರ ವರೆಗೆ. ಆದಕಾರಣ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳಬೇಕು. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿಯನ್ನು ಮನೆಬಾಗಿಲಿಗೆ ಬಂದು ಎತ್ತುವ ಪದ್ಧತಿಯನ್ನು ಲೋಕಕ್ಕೆ ತೋರಿಸಿದ ಉಡುಪಿಯ ಸೀಮೆಯವರಿಗೆ, ಚಿಕ್ಕ ಕಂತಿನ ಮಹಿಮೆಯನ್ನು ನಾವು ವಿವರಿಸಬೇಕಾಗಿಲ್ಲ.

ಕೊನೆಗೆ ಎರಡು ಎಚ್ಚರಿಕೆಗಳು. ಅಂಗವಿಕಲರ ಹೆಸರಿನಲ್ಲಿರುವ ಯೋಜನೆಗಳೆಲ್ಲ ಅಂಗವಿಕಲನ ಜೀವದ ಮೇಲಿನ ವಿಮೆಗಳಲ್ಲ. ಹಿಂದೆ ನಿಗಮವು ನಡೆಯಿಸಿದ ‘ಜೀವನ್ ಆಧಾರ್’ ಎಂಬುದರಲ್ಲಿ ವಿಮೆಯು ತಂದೆತಾಯಿಗಳ ಜೀವದ ಮೇಲೆ; ಹಣ ಮಾತ್ರ ಅವರನ್ನು ಆಶ್ರಯಿಸಿದ ಅಂಗವಿಕಲನಿಗೆ. ಎರಡೂ ಬೇಕಾದವುಗಳೇ, ಆದರೆ ಒಂದನ್ನು ಕೇಳಿ ಇನ್ನೊಂದನ್ನು ಪಡೆದು ಬರಬಾರದು. ಎರಡನೆಯದಾಗಿ, ಗಾಯಗೊಂಡವನನ್ನು ಎತ್ತಿ, ತೊಳೆದು, ಉಣಿಸಿ, ಜೊತೆಗೆ ಮನೆಯನ್ನೂ ನಡೆಯಿಸುವ ಹೆಂಡತಿಯ ಅಥವಾ ತಾಯಿಯ ಜೀವಕ್ಕೆ ವಿಮೆ ಮಾಡಿಸಿದ ಮನೆಗಳನ್ನು ನಾವು ಕಂಡದ್ದು ಬಹು ವಿರಳ. ಆಕೆಯೊಬ್ಬಳು ಇಲ್ಲದಾದರೆ ಆ ಮನೆಯ ಸ್ಥಿತಿ ಏನಾಗುವುದೆಂದು ಒಂದು ಗಳಿಗೆ ಯೋಚಿಸಿ ನೋಡಿ. ಬ್ಯಾಂಕಿಗೆ ಹೋದ ದಿನವೇ ಆಕೆಯ ಹೆಸರನ್ನೂ ಬರೆಸಿ ಬರತಕ್ಕದ್ದು.

ನಮ್ಮ ರಾಜ್ಯದಲ್ಲಿ ಇಂಥವರನ್ನು ವಿಕಲಚೇತನರೆಂದು ಕರೆಯುವ ವಾಡಿಕೆ ಬಂದಿದೆ. ಗೌರವದಿಂದ ಬಂದ ಮಾತಾದರೂ ನಮ್ಮ ಕಿವಿಗೆ ಅದು ಒಪ್ಪದು; ಏಕೆಂದರೆ ವೈಕಲ್ಯವು ಅಂಗಕ್ಕೆ ಬರಬಹುದೇ ಹೊರತು ಚೇತನಕ್ಕೆ ಬರುವಂಥದಲ್ಲ. ವಿಮೆಯ ಕಚೇರಿಗೆ ನಾವು ತಿಳಿಯಹೇಳಬೇಕಾದ ಸಂಗತಿಯೂ ಇದೇ. ಆದರೆ ಕಚೇರಿಗೆ ಹೇಳುವ ಮುಂಚೆ ಅದನ್ನು ಮನೆಯೊಳಗೆ ಹೇಳಿಕೊಳ್ಳಬೇಕು. ಬಿದ್ದವನ ಹೆಸರಿನ ಕಂತನ್ನು ಈ ತಿಂಗಳೂ ತಪ್ಪದೆ ಕಟ್ಟಿ, ರಸೀದಿಯನ್ನು ಅವನ ಕೈಗೇ ಕೊಡುವುದು ಹಾಗೆ ಹೇಳುವ ಒಂದು ರೀತಿ.